ಮೋಕ್ ಅಕ್ಕ ಮತ್ತು ಕೆಂಪು ಕಡಲಸೇಬು

ಸುಯ್ಯೆಂದು ಗಾಳಿ ನುಗ್ಗುವ ಸದ್ದು, ಪ್ಲಾಸ್ಟಿಕ್ ಚೀಲ ಉಬ್ಬಿ ಬಿಗಿಯುವ ಕಿರಕಿರ, ಆಮೇಲೆ ರಬ್ಬರ್ ಬ್ಯಾಂಡಿನ ಎರಡು ಏಟು: ಟಪ್, ಟಪ್. ಮೋಂಗ್ ಕೊಕ್‌ನ ನಮ್ಮ ಸಾಕುಮೀನಿನ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದ. ಹತ್ತೂವರೆಯ ಹೊತ್ತಿಗೆ ಪ್ರತಿ ಅಂಗಡಿಯ ಮುಂದೆಯೂ ಮೀನು ತುಂಬಿದ ಚೀಲಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ಪೂನ್ ಅಂಗಡಿಯ ಒಳಗಿನ ಉಪ್ಪುನೀರಿನ ಸಾಲಿನಲ್ಲಿ ಮಾತ್ರ ಒಂದು ಚೀಲವೂ ತೂಗುವುದಿಲ್ಲ. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೋಕ್ ಲಾಯ್-ಕ್ಯೂನ್ ನಿಂತಿದ್ದಾಳೆ, ಮೊಣಕೈವರೆಗೆ ಒದ್ದೆಯಾಗಿ. ಬೀದಿಗೆಲ್ಲ ಅವಳು ಮೋಕ್ ಅಕ್ಕ.

ಅವಳಿಂದ ಕೊಳ್ಳುವುದು ಸುಲಭವಲ್ಲ.

"ಅಕ್ಕ, ಆ ನೀಲಿ ಹುಳ ಕೊಡಿ," ಎಂದ ಗುರುವಾರ ಒಬ್ಬ ಹುಡುಗ. ಚಿಪ್ಪಿಲ್ಲದ ಕಡಲ ಬಸವನಹುಳು ಅದು. ನೀಲಿ ಮೈ, ಕಿತ್ತಳೆ ಅಂಚು.

"ಏನು ತಿನ್ನುತ್ತೆ ಗೊತ್ತಾ?"

"ಮೀನಿಗೆ ಹಾಕೋ ಕಾಳು?"

"ಅದು ಒಂದೇ ಒಂದು ಜಾತಿ ಸ್ಪಂಜು ತಿನ್ನುತ್ತೆ. ಆ ಸ್ಪಂಜು ಸಮುದ್ರದ ತಳದಲ್ಲಿದೆ. ಕಿತ್ಕೊಂಡು ಬಾ, ಕೊಡ್ತೀನಿ."

"ಮತ್ತೆ ಅಂಗಡೀಲಿ ಯಾಕಿಟ್ಟಿದೀರಾ?"

"ಯಜಮಾನರು ತರಿಸಿದ್ರು. ಹಸಿದು ಸಾಯ್ತಿದೆ. ನೋಡಿ ಹೋಗು."

ಸೌತೆಕಾಯಿಯಂತೆ ತೊಟ್ಟಿಯ ತಳದಲ್ಲಿ ಹರಿದಾಡುವ ಮೆತ್ತನೆಯ ಜೀವಿ ಕಡಲಸೌತೆ; ಅದನ್ನು ಕೇಳಿಕೊಂಡು ಬಂದವರಿಗೆ ಪರೀಕ್ಷೆ ಇನ್ನೂ ಉದ್ದ. ತೊಟ್ಟಿಗೆ ವರ್ಷ ತುಂಬಿದೆಯೇ? ತಳದ ಮರಳು ತೊಳೆದ ಅಕ್ಕಿಯಂತಿದ್ದರೆ ಬೇಡ, ಅದು ತಿನ್ನುವುದು ಮರಳಿನ ಕೊಳೆಯನ್ನೇ. ಕಚ್ಚುವ ಮೀನು ಇದೆಯೇ? ಪಂಪು ನೀರೆಳೆಯುವ ಬಾಯಿಗೆ ಸ್ಪಂಜ್ ಕಟ್ಟಿದ್ದೀರಾ? ನೀರಿನಿಂದ ಗಾಳಿಗೆ ಎತ್ತುವುದಿಲ್ಲ ತಾನೆ? ಒಂದಕ್ಕೆ ತಡವರಿಸಿದರೂ ಅವಳು ಬೆನ್ನು ತಿರುಗಿಸುತ್ತಾಳೆ. "ಹಬ್ಬಕ್ಕೆ ಬೇಯಿಸೋಕೆ ಬೇಕಾದ್ರೆ ಒಣಗಿದ್ದು ದಿನಸಿ ಅಂಗಡೀಲಿ ಸಿಗುತ್ತೆ, ಅಲ್ಲಿಗೆ ಹೋಗಿ."

ಹೀಗೆ ಬರಿಗೈಯಲ್ಲಿ ಹೋದವರಲ್ಲಿ ತಿರುಗಿ ಬಂದವರು ಒಬ್ಬರೇ, ಭೂಗೋಳ ಕಲಿಸುತ್ತಿದ್ದ ತೋಂಗ್ ಮೇಷ್ಟ್ರು. ಸರಿಯಾಗಿ ಒಂದು ವರ್ಷ ಬಿಟ್ಟು ನೋಟ್‌ಬುಕ್ ಹಿಡಿದುಕೊಂಡು ಬಂದು, "ಮೋಕ್ ಅಕ್ಕ, ಈಗ ಕೇಳಿ," ಎಂದು ಕೈಕಟ್ಟಿ ನಿಂತಿದ್ದರು. ಅವತ್ತು ಅವಳು ಕೊಟ್ಟ ಕರೀ ಕಡಲಸೌತೆ ಆರು ವರ್ಷದಿಂದ ಅವರ ಮರಳು ಮೇಯುತ್ತಿದೆ. ಅದಕ್ಕೂ ಮೊದಲು ಅವಳೇ ಕೊಟ್ಟಿದ್ದ, ಕಿತ್ತಳೆ ಮೈಗೆ ಬಿಳಿಪಟ್ಟೆಯ ಎರಡು ಕೋಡಂಗಿ ಮೀನುಗಳಿಗೆ ಈಗ ಒಂಬತ್ತು ವರ್ಷ. ಪ್ರತಿ ಭಾನುವಾರ ಮೇಷ್ಟ್ರು ಬಂದು ಅವುಗಳ ಸುದ್ದಿ ಹೇಳುತ್ತಿದ್ದರು, ಅವಳು ಬೈಯುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಮೂರು ಭಾನುವಾರಗಳಿಂದ ಅವರು ಆಸ್ಪತ್ರೆಯಲ್ಲಿದ್ದರು.

ಆ ಗುರುವಾರ, ಹುಡುಗ ಅತ್ತ ಹೋಗುತ್ತಲೇ, ಮೇಷ್ಟ್ರ ಹೆಂಡತಿ ತೋಂಗ್ ಅಮ್ಮ ಒಳಗೆ ಬಂದರು. ಮುಖದಲ್ಲಿ ಗೆಲುವಿತ್ತು.

"ಮೋಕ್, ಮೂರು ಮೀನು ಕೊಡು. ನಿನ್ನೆಯಿಂದ ಮೂರು ಸತ್ವು. ನಾಳೆ ಅವರ ಎದೆ ಆಪರೇಶನ್ನು. ನೋಡು, ಹೇಗೆ ಒಂದೊಂದಾಗಿ ಹೊತ್ಕೊಂಡು ಹೋಗ್ತಿವೆ."

ಮನೆಯ ಮೀನು ಸತ್ತರೆ ನಮ್ಮಲ್ಲಿ ಯಾರೂ ಮರುಗುವುದಿಲ್ಲ. ಮನೆಯವರ ಮೇಲೆ ಬೀಳಬೇಕಿದ್ದ ಕೇಡನ್ನು ಅದು ತಾನು ಹೊತ್ತುಕೊಂಡಿತು ಎನ್ನುತ್ತಾರೆ. ಸತ್ತಷ್ಟನ್ನು ಮತ್ತೆ ತಂದು ಬಿಡುತ್ತಾರೆ. ಬೀದಿಯ ಅರ್ಧ ವ್ಯಾಪಾರ ನಡೆಯುವುದೇ ಇದರಿಂದ.

"ತೊಟ್ಟಿಗೆ ಹೊಸದೇನು ಬಿಟ್ರಿ?" ಎಂದಳು ಮೋಕ್ ಅಕ್ಕ.

"ಆ ಕೆಂಪು ಗುಂಡನೇದು. ಮನೆ ದಿಕ್ಕು ನೋಡೋರು ಕೆಂಪುದು ಬೇಕು ಅಂದ್ರು. ಮಂಗಳವಾರ ಪೂನ್ ಕೊಟ್ಟ."

ಮಂಗಳವಾರ ಮೋಕ್ ಅಕ್ಕನ ರಜೆ. ಕಡಲಸೇಬು ಎನ್ನುವ ಆ ಕೆಂಪು ಕಡಲಸೌತೆಯನ್ನು ಅವಳು ಹಿಂದಿನ ತೊಟ್ಟಿಯಲ್ಲಿ, ಮಾರಲಿಕ್ಕಲ್ಲ ಎಂದು ಚೀಟಿ ಅಂಟಿಸಿ ಇಟ್ಟಿದ್ದಳು.

"ಪಂಪಿನ ಬಾಯಿಗೆ ಸ್ಪಂಜ್ ಇದೆ ತಾನೆ?"

"ತೆಗ್ಸಿದೆ. ಉಸಿರಾಡೋ ಬಾಯಿಗೆ ಕರೀ ಬಟ್ಟೆ ತುರುಕಿದ ಹಾಗಿದೆ ಅಂದ್ರು ದಿಕ್ಕು ನೋಡೋರು. ಮನೇಲಿ ರೋಗಿ ಇರೋವಾಗ ಹಾಗೆಲ್ಲ ಇರಬಾರ್ದು."

ಮೋಕ್ ಅಕ್ಕ ಮುಚ್ಚಳದ ಬಕೆಟ್ಟಿಗೆ ಅರ್ಧ ಉಪ್ಪುನೀರು ತುಂಬಿ, ನೀರಿಗೆ ಗಾಳಿ ಊದುವ ಬ್ಯಾಟರಿ ಪಂಪು ಸಿಕ್ಕಿಸಿದಳು. ಹಳೆಯ ಪೂನ್ ಸತ್ತಮೇಲೆ ಅಂಗಡಿ ನಡೆಸುತ್ತಿರುವ ಮಗ ಗಲ್ಲಾದಿಂದ ಎದ್ದ.

"ಎಲ್ಲಿಗಕ್ಕ? ಅದು ಗಿರಾಕಿ ತೊಟ್ಟಿ, ನಮ್ಮದಲ್ಲ."

"ನಿಮ್ಮಪ್ಪ ಇದ್ದಿದ್ರೆ ಆ ಕೆಂಪುದನ್ನ ನಿನ್ನ ಜೇಬಿಗೆ ಹಾಕಿ ಜೇಬು ಹೊಲೀತಿದ್ರು."

"ಅಪ್ಪನ ಹೆಸರು ಎಷ್ಟು ದಿನ ಅಂತ ನಡೆಯುತ್ತೆ? ಹೋದ್ರೆ ನಾಳೆ ಬರಬೇಡಿ."

"ನಾಳೆ ಮಾತು ನಾಳೆಗೆ."

ಪಕ್ಕದ ತಾಯ್ ಕೊಕ್ ತ್ಸೂಯ್‌ನಲ್ಲಿ, ಹದಿನೇಳನೇ ಮಹಡಿಯ ಮೇಷ್ಟ್ರ ಮನೆಯಲ್ಲಿ ತೊಟ್ಟಿ ಒಂದು ಇಡೀ ಗೋಡೆಗಿತ್ತು. ಕಡಲಸೇಬು ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಅದರ ಹಳದಿ ಕುಚ್ಚುಗಳು ಒಳಗೆ ಸೆಳೆದುಹೋಗಿ, ಹರಿದ ಎಳೆಗಳು ನೀರಲ್ಲಿ ಬೆಳ್ಳಗೆ ತೇಲುತ್ತಿದ್ದವು. ಮರಳಿನ ಮೇಲೆ ನಾಲ್ಕನೆಯ ಮೀನು ಮಗ್ಗುಲಾಗಿತ್ತು. ಎರಡು ಕೋಡಂಗಿ ಮೀನುಗಳು ನೀರಿನ ಮೇಲ್ಮೈಗೆ ಬಂದು, ಒಂದಕ್ಕೊಂದು ಮೈ ತಾಗಿಸಿ, ಕಿವಿರು ಬಡಿಯುತ್ತಿದ್ದವು.

ಮೋಕ್ ಅಕ್ಕ ಪಂಪು ನಿಲ್ಲಿಸಿದಳು. ಚೀಲವೊಂದನ್ನು ನೀರೊಳಗೇ ಅರಳಿಸಿ, ಗಾಯಗೊಂಡದ್ದನ್ನು ಬೆರಳಿನಿಂದ ಬಿಡಿಸಿ ಅದರೊಳಕ್ಕೆ ಜಾರಿಸಿ, ನೀರೊಳಗೇ ಬಾಯಿ ಕಟ್ಟಿದಳು.

"ಮೀನು ಬಿಡು ಅಂದ್ರೆ ಇದೇನು ಮಾಡ್ತಿದೀಯ?" ಎಂದರು ತೋಂಗ್ ಅಮ್ಮ.

"ಇದಕ್ಕೆ ಗಾಯ ಆದ್ರೆ ವಿಷ ಬಿಡುತ್ತೆ. ಪಂಪು ಇದನ್ನ ಹರೀತು, ಇದು ನೀರು ಕೆಡಿಸ್ತು. ಅಷ್ಟೇ ಆಗಿರೋದು. ಯಾವ ಮೀನೂ ಯಾರ ಕೇಡೂ ಹೊತ್ತಿಲ್ಲ."

"ನಮ್ಮನೆ ಕೇಡು ನಿಂಗೇನು ಗೊತ್ತು? ಮೂರು ಸತ್ವು, ಅವರ ಜ್ವರ ಇಳೀತು."

"ಔಷಧಿಗೆ ಇಳೀತು."

"ಯಾವುದಕ್ಕಾದ್ರೂ ಇಳೀಲಿ. ಇನ್ನೆರಡಿವೆಯಲ್ಲ, ನಾಳೆ ಬೆಳಗ್ಗೆವರೆಗೆ ಇಲ್ಲೇ ಇರ್ಲಿ."

ಮೋಕ್ ಅಕ್ಕನ ಕೈ ನೀರಿನಲ್ಲೇ ನಿಂತಿತು. "ಇವು ಯಾವ್ವು ಅಂತ ಗೊತ್ತಾ ನಿಮಗೆ?"

"ನಂಗೆ ಗೊತ್ತಿಲ್ವಾ? ಇವು ಮೊದಲು ಮೊಟ್ಟೆ ಇಟ್ಟಾಗ ಅವರು ಅಡಿಗೆಮನೆಯಿಂದ ನನ್ನ ಕೈಹಿಡಿದು ಎಳ್ಕೊಂಡು ಬಂದಿದ್ರು. ಒಲೆ ಮೇಲೆ ಗಂಜಿ ಸೀದುಹೋಯ್ತು. ಅದಕ್ಕೇ ಹೇಳ್ತಿರೋದು. ಯಾವುದೋ ಮೂರು ಮೀನು ಕೊಟ್ರೆ ಜ್ವರ ಇಳಿಯುತ್ತೆ. ಎದೆ ಕೊಯ್ಯೋವಾಗ ಅಷ್ಟು ಸಾಲಲ್ಲ."

ಮೋಕ್ ಅಕ್ಕ ಬೋಗುಣಿ ಕೈಗೆತ್ತಿಕೊಂಡಳು. ಎಂದಿಗಿಂತ ತಗ್ಗಿದ ದನಿಯಲ್ಲಿ, "ಮೇಷ್ಟ್ರು ಬಂದು ಕೇಳಿದ್ರೆ ಏನು ಹೇಳ್ತೀರಾ?" ಎಂದಳು.

"ಕೇಳೋಕೆ ಮೊದಲು ಅವರು ಬರಬೇಕಲ್ಲ."

"ಬರೋರು ತೊಟ್ಟಿ ನೋಡೋದಿಲ್ವಾ?"

"ನೋಡ್ಲಿ. ನನ್ನ ಶಪಿಸ್ಲಿ. ಬದುಕಿ ಬಂದು ಶಪಿಸ್ಲಿ."

ಮೋಕ್ ಅಕ್ಕ ಬೋಗುಣಿಯನ್ನು ನೀರಿಗಿಳಿಸಿದಳು. ತೋಂಗ್ ಅಮ್ಮ ಅವಳ ಒದ್ದೆ ತೋಳು ಹಿಡಿದರು. ಅವಳು ಬಿಡಿಸಿಕೊಂಡಳು. ಅವರು ಮತ್ತೆ ಹಿಡಿದರು, ಉಗುರು ಊರುವಂತೆ. ನೀರು ನೆಲಕ್ಕೆ ಚೆಲ್ಲಿತು. ಅಮ್ಮ ಫೋನಿಗೆ ಓಡಿದಾಗ ಒಂದು ಮೀನು ಬಕೆಟ್ಟಿಗೆ ಬಂತು. ಫೋನಿನೊಳಗಿಂದ ಪೂನ್, "ಅಕ್ಕ, ಕೈ ತೆಗೀರಿ, ಅದು ಕಳ್ಳತನ ಆಗುತ್ತೆ," ಎನ್ನುವಷ್ಟರಲ್ಲಿ ಎರಡನೆಯದೂ ಬಂತು. ಕರೀ ಕಡಲಸೌತೆ ಒಂದು ಮೂಲೆಯಲ್ಲಿ, ತನಗೇನೂ ಆಗಿಲ್ಲವೆಂಬಂತೆ, ಮರಳು ಮೇಯುತ್ತಿತ್ತು. ಅವಳು ಅದನ್ನು ಅಲ್ಲೇ ಬಿಟ್ಟಳು.

"ಕಳ್ಳತನ ಅಂತ ಬರೆಸು," ಎಂದಳು ಫೋನಿಗೆ. "ನಂದೇ ಸಹಿ ಹಾಕ್ತೀನಿ."

ಕಡಲಸೇಬಿನ ಚೀಲವನ್ನು ಬೇರೆ ಡಬ್ಬಿಗೆ ಹಾಕಿ ಕಂಕುಳಿಗೆ ಸಿಕ್ಕಿಸಿಕೊಂಡು, ಬಕೆಟ್ಟಿನ ಮುಚ್ಚಳ ಒತ್ತಿ ತಿರುಗಿದಾಗ ತೋಂಗ್ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅವನ್ನ ಜೀವಂತವಾಗಿ ಹೊಸ್ತಿಲು ದಾಟ್ಸಬೇಡ."

"ದಾರಿ ಬಿಡಿ. ಈ ನೀರಲ್ಲಿ ಸಂಜೆವರೆಗೂ ಉಳಿಯಲ್ಲ ಇವು."

"ಉಳೀಬಾರ್ದು ಅಂತಾನೇ ನಾನು ಹೇಳ್ತಿರೋದು. ಅವರಿಗೆ ಬರೋದನ್ನ ತಡೆಯೋಕೆ ಮನೇಲಿ ಇನ್ನೇನಿದೆ? ಅವರ ಬದಲು ನಾನು ಸಾಯೋಣ ಅಂದ್ರೆ ಯಾರಾದ್ರೂ ತಗೋತಾರಾ?"

"ಅಮ್ಮ, ದಾರಿ ಬಿಡಿ."

"ನಾಳೆ ಅವರು ಕಣ್ಣು ತೆಗೀಲಿಲ್ಲ ಅಂದ್ರೆ ನೀನೇ ಕೊಂದಹಾಗೆ. ಒಪ್ಕೋತೀಯಾ? ಇಲ್ಲಿ ನಿಂತು ಹೇಳು. ಅವರ ಹೆಸರು ಹಿಡಿದು ಹೇಳು, ಒಪ್ಕೋತೀನಿ ಅಂತ. ಆಸ್ಪತ್ರೆ ಬಾಗಿಲಲ್ಲಿ ನಿಂತು ನಾನು ಯಾರನ್ನ—"

ಮೋಕ್ ಅಕ್ಕ ಬಕೆಟ್ಟನ್ನು ಎದೆಗೆ ಆನಿಸಿಕೊಂಡು, ಅವರ ಭುಜವನ್ನು ತನ್ನ ಭುಜದಿಂದ ಸರಿಸಿ ಹೊರಗೆ ಬಂದಳು, ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿಯತೊಡಗಿದಳು.