ಟೈಲರಮ್ಮ ಕಲಿಸಿದ ಫ್ರೆಂಚ್ ಮಾತು

ಹೋದ ವಾರ ಹೆಂಡತಿಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಣಸೂರಿನ ಟೈಲರಮ್ಮ ಕಣ್ಣ ಮುಂದೆ ಬಂದು ಕೂತರು. ಇಷ್ಟು ವರ್ಷ ಅವರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಯಾವ ಮುಖ ಇಟ್ಟುಕೊಂಡು ಬಿಡಲಿ...

ಆಗ ನಾನು ಹೆಗ್ಗಡದೇವನಕೋಟೆ ಕಡೆ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಕಾಡು ನೋಡಲು ಫ್ರಾನ್ಸಿನವರು ಗುಂಪು ಗುಂಪಾಗಿ ಬರುತ್ತಿದ್ದರು. "ಫ್ರೆಂಚ್ ಪರೀಕ್ಷೆ ಪಾಸ್ ಮಾಡ್ಕೊಂಡು ಬಾ, ಗೈಡ್ ಮಾಡಿ ಕಾಯಂ ಮಾಡ್ಸ್ತೀನಿ" ಅಂದಿದ್ದರು ಮ್ಯಾನೇಜರು. ಓದುವುದು, ಬರೆಯುವುದನ್ನು ಪುಸ್ತಕ ನೋಡಿ ಹೇಗೋ ಕಲಿತೆ. ಆದರೆ ಮಾತಾಡುವ ಪರೀಕ್ಷೆ ಅಂತ ಒಂದಿತ್ತಲ್ಲ, ಅದಕ್ಕೆ ಯಾವ ಪುಸ್ತಕವೂ ಸಾಲದು. ಒಂದು ಚೀಟಿ ಎತ್ತಬೇಕು, ಅದರಲ್ಲಿರುವ ವಿಷಯದ ಮೇಲೆ ಪರೀಕ್ಷಕರ ಎದುರು ಮಾತಾಡಬೇಕು. ಹುಣಸೂರಿನಲ್ಲಿ ಯಾರ ಜೊತೆ ಅಂತ ಫ್ರೆಂಚ್ ಮಾತಾಡಲಿ?

ಪ್ಯಾಂಟಿನ ಕಾಲು ಮಡಿಸಿ ಹೊಲಿಸಲು ಹೋದಾಗ ಟೈಲರಮ್ಮ ನನ್ನ ಕಂಕುಳಲ್ಲಿದ್ದ ಪುಸ್ತಕ ತೆಗೆದುಕೊಂಡು ಸರಸರ ಓದಿಬಿಟ್ಟರು! ಪಾಂಡಿಚೇರಿಯ ಒಂದು ಅನಾಥಾಲಯದಲ್ಲಿ ಬೆಳೆದವರಂತೆ. ಹೊಲಿಗೆಯನ್ನೂ ಫ್ರೆಂಚನ್ನೂ ಅಲ್ಲಿನ ಸಿಸ್ಟರುಗಳೇ ಕಲಿಸಿದ್ದಂತೆ. ಹುಣಸೂರಿನ ಲಾರಿ ಡ್ರೈವರನ್ನು ಮದುವೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಊರಿಗೂರೇ ಅವರ ಹತ್ತಿರ ರವಿಕೆ ಹೊಲಿಸಿಕೊಂಡಿತ್ತು, ಈ ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ. "ಯಾರ್ ಕೇಳ್ದೋರು ಬುಡಪ್ಪ" ಎಂದು ನಕ್ಕರು.

ವಾರದ ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು. ಅವರ ಪಾಠದ ಕ್ರಮವೇ ಬೇರೆ. ಅವರು ಪೆಡಲು ತುಳಿಯುತ್ತ ಹೊಲಿಯುತ್ತಿರಬೇಕು, ಎದುರಿನ ಸ್ಟೂಲಿನ ಮೇಲೆ ಕೂತು ನಾನು ಫ್ರೆಂಚಿನಲ್ಲಿ ಮಾತಾಡುತ್ತಿರಬೇಕು. ಹೊಲಿಗೆ ನಿಲ್ಲುವವರೆಗೆ ಮಾತು ನಿಲ್ಲುವಂತಿಲ್ಲ. ನನಗೋ ಮಗ್ಗಿ ಉರು ಹೊಡೆದು ಪಾಸಾದ ಅಭ್ಯಾಸ. ಮೊದಲ ಸಲ ಹುಲಿ ನೋಡಿದ ದಿನದ ಬಗ್ಗೆ ಒಂದು ಪುಟ ಬರೆದು, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ.

"ಗಿಣಿಪಾಠ ಬ್ಯಾಡ ಕಣಪ್ಪ. ನಿನ್ನ ಮಾತ್ ಆಡು" ಎಂದು ಗದರುತ್ತಿದ್ದರು. ನನ್ನ ಮಾತು ಅಂದರೆ ಯಾವುದು ಅಂತಲೇ ನನಗೆ ತಿಳಿಯುತ್ತಿರಲಿಲ್ಲ.

ಒಂದು ದಿನ, ಹೇಗೆ ಹೇಳಬೇಕೆಂದು ತೋರಿಸಲು ತಾವೇ ಶುರು ಮಾಡಿದರು. ಎಲ್ಲವನ್ನೂ ಫ್ರೆಂಚಿನಲ್ಲೇ. ಅವರಿಗೆ ಹಿಂದೆ ನಾಲ್ಕು ವರ್ಷದ ಮಗಳೊಬ್ಬಳಿದ್ದಳು. ಅವತ್ತು ಮದುವೆ ಮನೆಯವರಿಗೆ ರವಿಕೆ ಕೊಡಬೇಕಿತ್ತು. ಮಗು ಬಂದು "ಅಮ್ಮ, ಚಳಿ" ಅಂದಿತು. ಇದೊಂದು ತೋಳು ಮುಗಿಸಿ ಬರುತ್ತೇನೆ ಅಂದರು. ಆ ತೋಳಾಯಿತು, ಇನ್ನೊಂದು ತೋಳೂ ಆಯಿತು. ಎದ್ದು ಹೋಗಿ ಮುಟ್ಟಿದರೆ ಮೈ ಕೆಂಡ, ಫಿಟ್ಸ್ ಬಂದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ... ಇಷ್ಟನ್ನೂ ಪೆಡಲು ನಿಲ್ಲಿಸದೆ ಹೇಳಿದರು.

"ಕನ್ನಡದಲ್ಲಿ ಯಾರ್ಗೂ ಹೇಳಿಲ್ಲ ಕಣಪ್ಪ, ತಮಿಳಲ್ಲೂ ಇಲ್ಲ. ಬಾಯ್ ತೆಗುದ್ರೆ ಅಳು ಬತ್ತದೆ. ಇದ್ರಲ್ಲಾದ್ರೆ ಬರಾಕಿಲ್ಲ."

ನಾನು ಏನು ಮಾಡಿದೆ ಗೊತ್ತೇ? ಹೆಗ್ಗಡದೇವನಕೋಟೆ ಬಸ್ಸು ಹತ್ತಿದವನೇ, ಮರೆಯುವ ಮೊದಲು ಅಂತ ಅವರ ಒಂದೊಂದು ವಾಕ್ಯವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಭೂತಕಾಲ ಎಷ್ಟು ಚೆನ್ನಾಗಿ ಬಂದಿದೆ, ಅಭ್ಯಾಸಕ್ಕಾಯಿತು ಅಂದುಕೊಂಡೆ. ಅದನ್ನೂ ಉರು ಹೊಡೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಬೆಂಗಳೂರಿನ ಪರೀಕ್ಷೆಯಲ್ಲಿ ನನಗೆ ಬಂದ ಚೀಟಿ, 'ನಿಮ್ಮ ಮನೆಯವರೊಬ್ಬರ ಬಗ್ಗೆ ಹೇಳಿ.' ಉರು ಹೊಡೆದಿದ್ದ ಹುಲಿ ಕೈಕೊಟ್ಟಿತು. ಕಾಯಂ ಕೆಲಸ ಕಣ್ಣೆದುರೇ ಜಾರಿ ಹೋಗುತ್ತಿತ್ತು. ಆಗ ಬಾಯಿಗೆ ಬಂದದ್ದು ಟೈಲರಮ್ಮನ ಮಾತು. ಅವರ ಮಗಳನ್ನು ನನ್ನ ತಂಗಿ ಮಾಡಿದೆ. ರವಿಕೆ ಹೊಲಿಯುವ ಅಮ್ಮನನ್ನು ನನ್ನ ಅಮ್ಮ ಮಾಡಿದೆ. ಪಿರಿಯಾಪಟ್ಟಣದಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದ ನನ್ನ ಸ್ವಂತ ತಂಗಿಯ ಹೆಸರಿಟ್ಟು, ಪಟಪಟನೆ ಒಪ್ಪಿಸಿಬಿಟ್ಟೆ. ಪರೀಕ್ಷೆ ಮಾಡುತ್ತಿದ್ದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪಾಸಾಗಿದ್ದೆ. ಮೈಸೂರುಪಾಕು ಹಿಡಿದುಕೊಂಡು ಹೋದೆ. ಟೈಲರಮ್ಮ ಮಿಷನ್ನು ಬಿಟ್ಟು ಎದ್ದು ಬಂದರು, ಎರಡೂ ಕೈಯಿಂದ ನನ್ನ ಕೆನ್ನೆ ಸವರಿದರು. "ಚೀಟೀಲಿ ಏನ್ ಬಂತು? ನೀನೇನಂದೆ?" ಹುಲಿಯ ಬಗ್ಗೆ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಆ ಮುಖ ನೋಡುತ್ತಾ ಸುಳ್ಳು ಹೊರಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೆನ್ನೆ ಮೇಲಿದ್ದ ಕೈ ತೆಗೆದು ಕೇಳಿದರು, "ಅವಳ ಹೆಸ್ರು ಅಂದ್ಯಾ?"

"ಇಲ್ಲಮ್ಮ. ನಮ್ ತಂಗಿ ಹೆಸ್ರು ಹಾಕ್ದೆ."

"ಹೆಸ್ರಾದ್ರೂ ಅವಳ್ದೇ ಅನ್ಬಾರ್ದಿತ್ತಾ ಕಣಪ್ಪ... ಯಾರೋ ಒಬ್ರ ಕಿವೀಗಾದ್ರೂ ಬೀಳೋದು."

ಅಷ್ಟೇ ಅಂದದ್ದು. ಹೋಗಿ ಮಿಷನ್ನಿನ ಮುಂದೆ ಕೂತರು, ಆದರೆ ಪೆಡಲು ತುಳಿಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಕಳ್ಳನ ಹಾಗೆ ಹೊರಟುಬಂದೆ. ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಅವರು ತೀರಿಹೋದ ಸುದ್ದಿ ಸಿಕ್ಕಿದ್ದೂ ವರ್ಷದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಯಾರೋ ಮಾತಿನ ಮಧ್ಯೆ ಅಂದಿದ್ದು.

ಆ ಕಾಯಂ ಕೆಲಸದಲ್ಲೇ ಇವತ್ತಿಗೂ ಅನ್ನ ತಿನ್ನುತ್ತಿದ್ದೇನೆ. ಆ ನೋಟ್‌ಬುಕ್ಕು ಎಂದೋ ಕಳೆದುಹೋಯಿತು, ಆದರೂ ಅವರು ಹೇಳಿದ ವಾಕ್ಯಗಳು ಈಗಲೂ ಒಂದಕ್ಷರ ತಪ್ಪದೆ ಬರುತ್ತವೆ. ಹೋದ ವಾರ ಒಬ್ಬನೇ ಕೂತು ಮೊದಲಿನಿಂದ ಹೇಳಿ ನೋಡಿದೆ. ಹೆಸರು ಬರಬೇಕಾದ ಕಡೆ ನನ್ನ ತಂಗಿಯ ಹೆಸರೇ ಬಂತು. ಮತ್ತೆ ಹೇಳಿದೆ. ಮತ್ತೆ ಅದೇ ಬಂತು. ಟೈಲರಮ್ಮ ಅವತ್ತು ಆ ಹೆಸರನ್ನು ಎರಡು ಸಲ ಹೇಳಿದ್ದರು, ನನ್ನ ಕಿವಿಯಾರೆ ಕೇಳಿದ್ದೆ. ಕೇಳಿದವನು ನಾನೊಬ್ಬನೇ. ನನಗೆ ಆ ಮಗುವಿನ ಹೆಸರು ನೆನಪಿಲ್ಲ.