ಮುಂದಿನ ವರ್ಷದ ಕ್ಯಾಪ್ಟನ್

ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಕನ್ನಡಿಗರ ಕ್ರಿಕೆಟ್ ತಂಡ ಸೋತಾಗಲೆಲ್ಲ ಧಾರವಾಡದ ಕಡೆಯ ನಮ್ಮ ಕ್ಯಾಪ್ಟನ್ ಟೋಪಿ ತೆಗೆದು, ತಲೆ ಸವರಿಕೊಂಡು, ನೆಮ್ಮದಿಯಿಂದ ಹೇಳುತ್ತಿದ್ದರು: "ಮುಂದಿನ ವರ್ಷ ನೋಡ್ರಿ."

ಆ ನೆಮ್ಮದಿಗೆ ಕಾರಣವಿತ್ತು. ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹೊಸದಾಗಿ ಬಂದ ಹುಡುಗರನ್ನು ಸುತ್ತಲಿನ ಊರುಗಳ ತಂಡಗಳು ಯುಗಾದಿ ಊಟದ ನಂತರ ಹಂಚಿಕೊಳ್ಳುತ್ತಿದ್ದವು. ಖಾಲಿ ಕುಕ್ಕರಿಗೆ ಚೀಟಿ ಹಾಕಿ ಎತ್ತುವುದು. ಯಾರ ಚೀಟಿ ಮೊದಲು ಬಂತೋ ಅವರಿಗೆ ಮೊದಲ ಆಯ್ಕೆ. ಹಿಂದಿನ ವರ್ಷದ ಪಂದ್ಯಗಳಲ್ಲಿ ಕಡೆಯ ಸ್ಥಾನಕ್ಕೆ ಬಂದ ತಂಡಕ್ಕೆ ಕನಿಕರದಿಂದ ಹೆಚ್ಚು ಚೀಟಿ. ಇದು ತಿಳಿದ ಮೇಲೆ ಕ್ಯಾಪ್ಟನ್ ಸೋಲನ್ನು ವ್ರತದಂತೆ ಆಚರಿಸಿದರು. ನನ್ನ ಕನ್ನಡಕ ಒಡೆದ ವಾರವೇ ನನ್ನನ್ನು ವಿಕೆಟ್ ಕೀಪರ್ ಮಾಡಿದರು.

ಕೊನೆಗೂ ಒಂದು ಯುಗಾದಿಗೆ ನಮ್ಮ ಚೀಟಿ ಮೊದಲು ಬಂತು. ಕ್ಯಾಪ್ಟನ್ ಆರಿಸಿದ ಮೈಸೂರಿನ ಹುಡುಗ ಮೊದಲ ಪಂದ್ಯದಲ್ಲೇ ಚೆಂಡನ್ನು ಟ್ರಾಮ್ ಹಳಿಯಾಚೆಗೆ ಅಟ್ಟಿದ. ನಾವು ಗೆದ್ದು ಕುಣಿದೆವು. ಕ್ಯಾಪ್ಟನ್ ಮಾತ್ರ ಟೋಪಿ ತೆಗೆಯಲಿಲ್ಲ.

ಮುಂದಿನ ಭಾನುವಾರ ಅವರು ಹುಡುಗನ ಕೈಯಿಂದ ಬ್ಯಾಟ್ ತೆಗೆದುಕೊಂಡು ಚಹಾದ ಫ್ಲಾಸ್ಕ್ ಕೊಟ್ಟರು.

"ನೀ ಇವತ್ತ ಕುಂದ್ರಪಾ."

"ಯಾಕೆ ಸರ್, ಏನಾದ್ರೂ ತಪ್ಪಾಯ್ತಾ?"

"ತಪ್ಪೇನಿಲ್ಲ. ನೀ ಹಿಂಗ ಆಡಿದ್ರ ನಮಗ ಚೀಟಿ ಕಡಿಮಿ ಆಗ್ತಾವ. ಆಮ್ಯಾಲ ನಿನ್ನಂಥಾ ಛಲೋ ಹುಡುಗ ನಮಗ ಹೆಂಗ ಸಿಗ್ತಾನ?"

ಹುಡುಗ ಎಲ್ಲರಿಗೂ ಚಹಾ ಕೊಟ್ಟ. ಸಂಜೆಯ ಹೊತ್ತಿಗೆ ನಾವು ಸೋತೆವು. ಕ್ಯಾಪ್ಟನ್ ಟೋಪಿ ತೆಗೆದು ತಲೆ ಸವರಿಕೊಂಡರು.