ಹದಿನೇಳನೇ ಸೀಟಿನ ತಾರೀಖು

ಬೆಳಗಿನ ಐದೂವರೆ. ಎಂಟು ಮಹಡಿಯ ಕಟ್ಟಡದಲ್ಲಿ ಇರುವುದು ಒಂದೇ ಜೀವ. ಆರನೇ ಮಹಡಿಗೆ ಕಾಲಿಟ್ಟರೆ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ, ದಾಟಿ ಹೋದಂತೆ ಬೆನ್ನ ಹಿಂದೆ ಒಂದೊಂದಾಗಿ ಆರುತ್ತವೆ. ಇನ್ನೂರು ಮೇಜು, ಇನ್ನೂರು ಕುರ್ಚಿ. ಎಲ್ಲರೂ ಮನೆಯಿಂದಲೇ ಕೆಲಸ ಶುರು ಮಾಡಿ ಆರು ವರ್ಷವಾಯಿತು. ಒಂದು ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್ ಮಾತ್ರ ಇನ್ನೂ ತೂಗುತ್ತಿದೆ.

"ಏಸಿ ಬೀಸಿದಾಗ ಅದರ ತೋಳು ಅಲ್ಲಾಡತ್ತೆ. ಮೊದಮೊದಲು ಎದೆ ಧಸಕ್ ಅಂತಿತ್ತು. ಈಗ ನಾನೇ 'ಏನಪ್ಪಾ, ಬೇಗ ಬಂದುಬಿಟ್ಯಾ' ಅಂತ ಕೇಳ್ಕೊಂಡು ಹೋಗ್ತೀನಿ" ಎಂದು ನಗುತ್ತಾರೆ ಸರ್ವರ್ ಅಕ್ಕ. ಕಂಪನಿಯವರು ಇಟ್ಟ ಹೆಸರಿದು. ಹಾಗೆ ಕರೆಯುವವರಲ್ಲಿ ಮುಕ್ಕಾಲು ಪಾಲು ಜನ ಅವರ ಮುಖವನ್ನೇ ನೋಡಿಲ್ಲ.

ಕಂಪನಿಯದು ಲಿಫ್ಟ್‌ಗಳನ್ನು ನೋಡಿಕೊಳ್ಳುವ ಕೆಲಸ. ಎಲ್ಲೋ ಒಂದು ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗಂಟೆ ಒತ್ತಿದರೆ ಆ ಸಂದೇಶ ಅಕ್ಕನ ಸರ್ವರಿಗೆ ಬಂದು, ಅಲ್ಲಿಂದ ಮನೆಗಳಲ್ಲಿ ಕುಳಿತ ಸಿಬ್ಬಂದಿಗೆ ಹೋಗುತ್ತದೆ. ಸಿಬ್ಬಂದಿಯಲ್ಲಿ ಎರಡು ಸಾವಿರದ ಮುನ್ನೂರು ಜನ ಈ ಸರ್ವರಿಗೆ ಅಂಟಿಕೊಂಡಿದ್ದಾರೆ. ದಿನಕ್ಕೆ ನಲವತ್ತು ದೂರುಗಳಾದರೆ ಮೂವತ್ತು ಪಾಸ್‌ವರ್ಡ್ ಮರೆತವರದು. ಉಳಿದದ್ದೇ ತಲೆನೋವಿನದು: "ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲ", "ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತಿದೆ".

"ಸರ್ಟಿಫಿಕೇಟ್ ಅಂದ್ರೆ ಸರ್ವರಿನ ಗುರುತಿನ ಚೀಟಿ. ಮನೇಲಿರೋ ಕಂಪ್ಯೂಟರ್ ಅದನ್ನ ನೋಡಿ, ಹೌದು, ಇದು ನಮ್ಮ ಆಫೀಸೇ ಅಂತ ನಂಬತ್ತೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರತ್ತೆ. ಮುಗಿಯೋ ಮುಂಚೆ ಹೊಸದು ಹಾಕ್ಬೇಕು."

ಹನ್ನೊಂದು ವರ್ಷದ ಹಿಂದೆ, ಬಾಗಿಲಲ್ಲಿ ಫೋನ್ ಎತ್ತುತ್ತಿದ್ದ ಅವರನ್ನು ಸರ್ವರ್ ಕೋಣೆಗೆ ಹಾಕಿದರು. ಮೊದಲ ವರ್ಷವೇ ಒಂದು ಚೀಟಿಯ ಅವಧಿ ಮರೆತರು. ಮೂರು ತಾಸು ಸಂಪರ್ಕ ಸತ್ತಿತು, ಒಬ್ಬ ಅಜ್ಜಿ ಅಷ್ಟೂ ಹೊತ್ತು ಲಿಫ್ಟಿನಲ್ಲಿ ನಿಂತಿದ್ದರು. "ಅವರು ಬೈಲಿಲ್ಲ. 'ಒಳಗೆ ಜೊತೆಗೊಬ್ಬರು ಇದ್ರಲ್ಲ, ಮಾತಾಡ್ತಾ ಹೊತ್ತು ಹೋಯ್ತು' ಅಂದ್ರಂತೆ. ಒಳಗಿದ್ದದ್ದು ಅವರೊಬ್ಬರೇ." ಅಂದಿನಿಂದ ಅಕ್ಕ ಬೆಳಗಾಗುವ ಮುಂಚೆಯೇ ಹಾಜರು. ಟೈಲರ್ ಕೆಲಸದ ಗಂಡ ಕಾಲೆಳೆಯುತ್ತಾರೆ: "ಮನೇಲಿ ಹಾಲು ಒಡೆದ್ರೂ ಗೊತ್ತಾಗಲ್ಲ ಇವಳಿಗೆ. ಅಲ್ಲಿ ಕೆಡೋದು ಮಾತ್ರ ಮೂರು ತಿಂಗಳು ಮುಂಚೆ ಗೊತ್ತು!"

ಕಳೆದ ತಿಂಗಳು, ಐದು ವರ್ಷದ ಹಳೆಯ ಚೀಟಿಯ ಅವಧಿ ಮುಗಿಯಲು ಬಂದಿತ್ತು. ಅಕ್ಕ ಬೆಳಿಗ್ಗೆ ಐದೂಮುಕ್ಕಾಲಿಗೆ ಹೊಸದನ್ನು ಹಾಕಿದರು. ಎಲ್ಲರ ಕಂಪ್ಯೂಟರೂ ಒಪ್ಪಿಕೊಂಡಿತು, ಹದಿನೇಳನೇ ಸೀಟೊಂದು ಬಿಟ್ಟು. ಮನೆಗೆ ಹೋದ ಕಂಪ್ಯೂಟರುಗಳಿಗೆ ಇನ್ನೂ ಹಳೆಯ ಸೀಟಿನ ನಂಬರೇ. ಮುಂಜಾನೆ ಪಾಳಿಯಲ್ಲಿ ಅದನ್ನು ಬಳಸುವ ಹೆಂಗಸು ಫೋನ್ ಮಾಡಿದಳು. "ಈ ಸರ್ಟಿಫಿಕೇಟ್ ಇನ್ನೂ ಶುರುವಾಗಿಲ್ಲ ಅಂತ ಬರ್ತಿದೆ ಮೇಡಂ. ಏಳರೊಳಗೆ ಲೈನಿಗೆ ಬರದಿದ್ರೆ ಪಾಳಿಯಿಂದ ತೆಗೀತಾರೆ. ತಡ ಆಗೋದು ಇದು ಮೂರನೇ ಸಲ, ಕೆಲಸಾನೇ ಹೋಗತ್ತೆ."

"ಗಾಬರಿಯಾಗ್ಬೇಡಿ. ಪರದೆ ಮೂಲೇಲಿ ತಾರೀಖು ಎಷ್ಟಿದೆ, ಓದಿ."

ಆಕೆ ಓದಿದಳು. ನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ. ಓದಿದ್ದು ಇವತ್ತಿನದನ್ನು ಓದಿದಷ್ಟೇ ಸಲೀಸಾಗಿ. ಅಕ್ಕ ಆ ಯಂತ್ರದ ಹಳೆಯ ದಾಖಲೆ ತೆರೆದರು. ಪ್ರತಿದಿನ ಬೆಳಿಗ್ಗೆ ಅದೇ ಮಂಗಳವಾರ. ಸಾವಿರಕ್ಕೂ ಮಿಕ್ಕಿ ಸಾಲುಗಳು, ಬುಧವಾರ ಒಂದೂ ಇಲ್ಲ. "ಕೈಮೇಲಿನ ಕೂದಲು ನೆಟ್ಟಗಾಯ್ತು" ಎನ್ನುತ್ತಾರೆ ಅಕ್ಕ.

ಗಡಿಯಾರ ಆರು ಹತ್ತು ತೋರಿಸುತ್ತಿತ್ತು. ಫೋನಿನ ಆ ಕಡೆಯಿಂದ ಒಂದು ಮಗುವಿನ ದನಿ ಕೇಳಿತು: "ಅಮ್ಮಾ, ಏಳು. ಅಮ್ಮಾ, ಎದ್ಯಾ?"

"ಮಗೂನ ಎಬ್ಬಿಸಿಬಿಟ್ನಾ?" ಎಂದರು ಅಕ್ಕ.

"ಇಲ್ಲ ಮೇಡಂ. ಅವಳು ಹೋಗಿ ನಾಲ್ಕು ವರ್ಷ ಆಯ್ತು."

ಒಂಬತ್ತು ವರ್ಷದ ಹುಡುಗಿ, ಆಟಕ್ಕೆಂದು ಅಮ್ಮನ ಕಂಪ್ಯೂಟರಿನಲ್ಲಿ ತನ್ನ ದನಿ ತುಂಬಿ ಎಬ್ಬಿಸುವ ಗಂಟೆ ಇಟ್ಟಿದ್ದಳು. ಅದು ಆ ಒಂದು ಮಂಗಳವಾರಕ್ಕೆ ಮಾತ್ರ. ಮರುದಿನ ಜ್ವರ ಬಂತು, ವಾರ ದಾಟಲಿಲ್ಲ. ತಾಯಿ ದಿನಾ ಐದಕ್ಕೆ ಎದ್ದು, ತಾರೀಖನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಹೋಗಿ ಮಲಗುತ್ತಾಳೆ, ಮಗಳು ಎಬ್ಬಿಸಲಿ ಎಂದು. ಅವತ್ತು ಅದಕ್ಕೂ ಮೊದಲೇ ಕಂಪ್ಯೂಟರಿನ ಎಚ್ಚರಿಕೆಯ ಸದ್ದು ಅವಳನ್ನು ಎಬ್ಬಿಸಿತ್ತು. ಹಳೆಯ ಚೀಟಿ ಆ ಮಂಗಳವಾರವೂ ಚಾಲ್ತಿಯಲ್ಲಿದ್ದುದರಿಂದ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಹೊಸದು ಆ ದಿನಕ್ಕೆ ಇನ್ನೂ ಹುಟ್ಟೇ ಇಲ್ಲ.

"ತಾರೀಖು ಸರಿ ಮಾಡ್ಲೇಬೇಕಮ್ಮ" ಎಂದರು ಅಕ್ಕ.

"ಇವತ್ತಿನ ತಾರೀಖಲ್ಲಿ ಅವಳಿಲ್ಲ ಮೇಡಂ. ಕೆಲಸ ಹೋದ್ರೆ ಹೋಗ್ಲಿ ಬಿಡಿ."

ಅಕ್ಕ ಫೋನ್ ಇಡಲಿಲ್ಲ. ಮಾರ್ಗದರ್ಶಿ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಮೆಲ್ಲಗೆ, ಒಂದೊಂದೇ ಗುಂಡಿ ಹೇಳಿಕೊಡುತ್ತಾ ಆ ಗಂಟೆಯನ್ನು ತೆರೆಸಿದರು. 'ಒಮ್ಮೆ' ಎಂದಿದ್ದಲ್ಲಿ 'ಪ್ರತಿದಿನ' ಎಂದು ಹಾಕಿಸಿದರು. ದನಿಯ ಇನ್ನೊಂದು ಪ್ರತಿ ತೆಗೆಸಿ ಬೇರೆ ಕಡೆ ಇಡಿಸಿದರು.

"ಯಾವತ್ತಿನವರೆಗೆ ಅಂತ ಕೇಳ್ತಿದೆ ಮೇಡಂ. ಖಾಲಿ ಬಿಟ್ರೆ ನಡೆಯತ್ತಾ?"

"ನಡೆಯತ್ತಮ್ಮ."

ಆಮೇಲೆ ಆಕೆಯೇ ತಾರೀಖನ್ನು ಮುಂದಕ್ಕೆ ತಂದಳು. ಏಳಕ್ಕೆ ಐದು ನಿಮಿಷವಿರುವಾಗ ಹದಿನೇಳನೇ ಸೀಟು ಲೈನಿಗೆ ಬಂತು.

ಮರುದಿನ ಆರು ಹತ್ತಕ್ಕೆ ಅಕ್ಕನ ಕೈ ಫೋನಿನ ಮೇಲೇ ಇತ್ತು. ಆ ಸದ್ದಿಲ್ಲದ ಮಹಡಿಯಲ್ಲಿ ಹತ್ತು ನಿಮಿಷ ಕಳೆಯಿತು. ಕೊನೆಗೂ ಫೋನ್ ಬಂತು.

"ಎಬ್ಬಿಸಿದಳು ಮೇಡಂ. ಬುಧವಾರಾನೂ ಎಬ್ಬಿಸಿದಳು. ತಾರೀಖು ನೋಡಿ ಈಗ ಲೆಕ್ಕ ಹಾಕಿದೆ. ಇದ್ದಿದ್ರೆ ಅವಳಿಗೆ ಹದಿಮೂರು."

"ಆಮೇಲೆ ಅತ್ತರು. ನಾಲ್ಕು ವರ್ಷದಲ್ಲಿ ಅದೇ ಮೊದಲಂತೆ. ನಾನು ಲೈನಲ್ಲೇ ಇದ್ದೆ" ಎನ್ನುತ್ತಾರೆ ಅಕ್ಕ. "ಅವತ್ತು ಏಳಕ್ಕೆ ಸರಿಯಾಗಿ ಕೆಲಸಕ್ಕೆ ಕೂತರು. ಒಂದು ದಿನಾನೂ ತಪ್ಪಿಸಿಲ್ಲ."